ಮುದ್ರಿತ ನಾದವೂ ಸಭಾಗಾನವೂ

ನಾದವು ಹುಟ್ಟಿದ ಕ್ಷಣದಲ್ಲಿಯೇ ಲಯ ಹೊಂದತಕ್ಕ ವಸ್ತುವು. ಶಿಲ್ಪಿಯು ಕಡೆದ ಮೂರ್ತಿಯು ಅವನ ತರುವಾಯವೂ ನಿಲ್ಲುತ್ತದೆ. ಕವಿಯ ಕಾವ್ಯವು ಓಲೆಯಲ್ಲಿ ಉಳಿಯುತ್ತದೆ. ಗಾಯಕನ ಹಾಡಾದರೋ ಅವನ ಕಂಠದಿಂದ ಹೊರಟು, ಕೇಳುವವರ ಕಿವಿಯಲ್ಲಿ ಸೇರಿ, ಅಲ್ಲಿಯೇ ಅಡಗಿಹೋಗುತ್ತದೆ. ಆದುದರಿಂದ ಪೂರ್ವಕಾಲದಲ್ಲಿ ಸಂಗೀತವೆಂದರೆ ಹಾಡುವವನೂ ಕೇಳುವವನೂ ಒಂದೇ ಕಾಲದಲ್ಲಿ ಒಂದೇ ಸ್ಥಳದಲ್ಲಿ ಕೂಡಿರುವದು ಎಂದೇ ಅರ್ಥವಿದ್ದಿತು. ಈ ಕೂಟವಿಲ್ಲದೆಯೂ ಹಾಡು ಕೇಳಬಹುದೆಂಬ ಸ್ಥಿತಿಯು ಉಂಟಾಗಿ ಇನ್ನೂ ೧೫೦ ವರ್ಷಗಳು ತುಂಬಿಲ್ಲ. ಇಂದು ಅನೇಕ ಮಠಗಳಲ್ಲಿ ಪ್ರಾತಃಕಾಲದ ವಚನಗಾನವು ಯಂತ್ರದ ಬಾಯಿಂದಲೇ ನಡೆಯುತ್ತದೆ. ಮನೆಮನೆಗಳಲ್ಲಿಯೂ ಅದೇ ಕ್ರಮವು. ಹೀಗಿರಲು ಆ ಯಂತ್ರವು ಯಾವದನ್ನು ಉಳಿಸಿಕೊಟ್ಟಿತು, ಯಾವದನ್ನು ಉಳಿಸಲಾರದೆ ಹೋಯಿತು ಎಂಬದನ್ನು ಚರಿತ್ರೆಯ ಆಧಾರದಿಂದ ವಿಚಾರಿಸುವದು ಭಕ್ತಮಹಾಶಯರಿಗೆ ಅನುಪಯುಕ್ತವಾಗಲಾರದು.

ಹಾಡನ್ನು ಉಳಿಸಿಕೊಳ್ಳಬೇಕೆಂಬ ಹಂಬಲವು ಹೊಸದಲ್ಲ. ಶರಣರು ರಚಿಸಿದ ಸ್ವರವಚನಗಳು ಹಾಡುವದಕ್ಕಾಗಿಯೇ ಹುಟ್ಟಿದವು. ನಿಜಗುಣ ಶಿವಯೋಗಿಗಳ ಕೈವಲ್ಯಪದ್ಧತಿಯೂ, ಸರ್ಪಭೂಷಣ ಶಿವಯೋಗಿಗಳ ಕೈವಲ್ಯಕಲ್ಪವಲ್ಲರಿಯೂ ಗೇಯಪದಗಳ ಭಂಡಾರಗಳೇ ಆಗಿವೆ. ನಿಜಗುಣರು ತಮ್ಮ ವಿವೇಕಚಿಂತಾಮಣಿಯಲ್ಲಿ ಸಂಗೀತಶಾಸ್ತ್ರದ ವಿಷಯವನ್ನೂ ಪ್ರತಿಪಾದಿಸಿದ್ದಾರೆ. ಇಂತಹ ಪದಗಳನ್ನು ಪ್ರತಿಮಾಡಿದವರು ಪದದ ತಲೆಯಲ್ಲಿ ರಾಗತಾಳಗಳ ಹೆಸರನ್ನು ಬರೆದರು. ಅದಕ್ಕಿಂತ ಹೆಚ್ಚಿನದನ್ನು ಬರೆಯುವ ಉಪಾಯವು ಅವರಲ್ಲಿ ಇದ್ದಿಲ್ಲ. ರಾಗದ ಹೆಸರನ್ನು ನೋಡಿದ ಮಾತ್ರದಿಂದ ಆ ಪದವನ್ನು ಕರ್ತೃವು ಹೇಗೆ ಹಾಡಿದನು, ಎಲ್ಲಿ ನಿಂತನು, ಯಾವ ಮಾತಿನ ಮೇಲೆ ದನಿಯನ್ನು ಏರಿಸಿದನು ಎಂಬದು ತಿಳಿಯುವ ಬಗೆ ಹೇಗೆ? ಅದು ಗುರುವಿನ ಬಾಯಿಂದ ಶಿಷ್ಯನ ಬಾಯಿಗೆ ಬರಬೇಕಾದ ಧನವು. ಆ ಬಾಯಿಯ ಸಂಪ್ರದಾಯವು ಎಲ್ಲಿ ಕಡಿಯಿತೋ ಅಲ್ಲಿ ಓಲೆಯಲ್ಲಿ ಮಾತು ಉಳಿದು ಧಾಟಿಯು ಹೋಯಿತು.

ವಚನಗಳ ಇತಿಹಾಸವು ಇದನ್ನು ಸ್ಪಷ್ಟಪಡಿಸುತ್ತದೆ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ತಾಡಪತ್ರಗಳನ್ನು ಕೂಡಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಪ್ರಥಮಭಾಗವನ್ನು ಪ್ರಕಟಿಸಿದರು. ಅವರ ತಪಸ್ಸಿನಿಂದ ಶರಣರ ಮಾತು ಲೋಕಕ್ಕೆ ದೊರೆಯಿತು. ಆದರೆ ಇಂದು ಸಭೆಗಳಲ್ಲಿ ಕೇಳಿಬರುವ ವಚನಗಾನದ ಧಾಟಿಗಳು ಬಹುತರವಾಗಿ ಇಪ್ಪತ್ತನೆಯ ಶತಮಾನದ ಗವಾಯಿಗಳು ಹಿಂದುಸ್ತಾನಿ, ಕರ್ನಾಟಕ ರಾಗಗಳಲ್ಲಿ ಅಳವಡಿಸಿದವುಗಳೇ ಹೊರತು ಹನ್ನೆರಡನೆಯ ಶತಮಾನದವುಗಳಲ್ಲ. ಕಲ್ಯಾಣದಲ್ಲಿ ಮೊಳಗಿದ ದನಿಯನ್ನು ಯಾವ ಓಲೆಯೂ ಹಿಡಿದಿಡಲಿಲ್ಲ. ಈ ನಷ್ಟವನ್ನು ನೆನೆದಾಗಲೇ ಧ್ವನಿಮುದ್ರಣದ ಬೆಲೆಯು ಗೊತ್ತಾಗುತ್ತದೆ.

ಅಮೇರಿಕೆಯ ಎಡಿಸನ್ನನು ೧೮೭೭ರಲ್ಲಿ ಫೋನೋಗ್ರಾಫ್ ಎಂಬ ಯಂತ್ರವನ್ನು ನಿರ್ಮಿಸಿ, ಆಡಿದ ಮಾತನ್ನು ಅದರಿಂದಲೇ ಮರಳಿ ಆಡಿಸಿದನು. ಅವನ ಯಂತ್ರದಲ್ಲಿ ಉರುಳೆಯ ಮೇಲೆ ದನಿಯನ್ನು ಕೊರೆಯುತ್ತಿದ್ದರು. ಹತ್ತು ವರ್ಷಗಳ ತರುವಾಯ, ೧೮೮೭ರಲ್ಲಿ, ಎಮಿಲ್ ಬರ್ಲಿನರನು ಉರುಳೆಗೆ ಬದಲಾಗಿ ಚಪ್ಪಟೆಯಾದ ತಟ್ಟೆಯನ್ನು ಬಳಸುವ ಗ್ರಾಮಾಫೋನಿಗೆ ಹಕ್ಕುಪತ್ರವನ್ನು ಪಡೆದನು. ತಟ್ಟೆಯ ವಿಶೇಷವೇನೆಂದರೆ, ಒಂದು ಅಚ್ಚಿನಿಂದ ಸಾವಿರಾರು ಪ್ರತಿಗಳನ್ನು ಒತ್ತಿ ತೆಗೆಯಬಹುದಾಗಿದ್ದಿತು. ಅಂದರೆ ಮುದ್ರಣಯಂತ್ರದಿಂದ ಗ್ರಂಥಕ್ಕೆ ಯಾವ ಉಪಕಾರವಾಯಿತೋ ತಟ್ಟೆಯಿಂದ ಹಾಡಿಗೆ ಅದೇ ಉಪಕಾರವಾಯಿತು.

ಈ ವಿದ್ಯೆಯು ವ್ಯಾಪಾರರೂಪದಲ್ಲಿ ಭಾರತಕ್ಕೆ ಬಂದುದು ೧೯೦೨ರಲ್ಲಿ. ಆ ವರ್ಷದ ಕೊನೆಗೆ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗನು ಕಲಕತ್ತೆಗೆ ಬಂದು, ಅಲ್ಲಿಯ ಗಾಯಕರ ಹಾಡುಗಳನ್ನು ತೆಗೆದುಕೊಂಡನು. ನವೆಂಬರ ತಿಂಗಳಲ್ಲಿ ಹಾಡಿದವರೊಳಗೆ ಪ್ರಖ್ಯಾತಳಾದವಳು ಗೌಹರ್ ಜಾನ್ ಎಂಬ ಗಾಯಿಕೆಯು. ಆ ಕಾಲದ ಮುದ್ರಣಕ್ರಮವನ್ನು ತಿಳಿದರೆ ಅವಳಿಗೆ ಒದಗಿದ ಹೊಸ ಕಷ್ಟವು ಅರ್ಥವಾಗುವದು. ಗೋಡೆಯಿಂದ ಹೊರಚಾಚಿದ ದೊಡ್ಡದೊಂದು ಕಹಳೆಯ ಬಾಯಿಗೆ ಮುಖವಿಟ್ಟು ಗಾಯಕರು ಹಾಡಬೇಕು. ಕಹಳೆಯ ಕಿರಿದಾದ ತುದಿಯಲ್ಲಿ ತೆಳುವಾದ ಪೊರೆಯೊಂದು. ಅದಕ್ಕೆ ಅಂಟಿದ ಮುಳ್ಳು. ಆ ಮುಳ್ಳಿನ ಕೆಳಗೆ ತಿರುಗುವ ಮೇಣದ ತಟ್ಟೆ. ದನಿಯ ಬಲದಿಂದಲೇ ಪೊರೆಯು ನಡುಗಿ ಮುಳ್ಳು ಮೇಣವನ್ನು ಗೀರಬೇಕಾದುದರಿಂದ, ಗಾಯಕರು ಗಟ್ಟಿಯಾಗಿ ಹಾಡಲೇ ಬೇಕಾಗಿದ್ದಿತು. ಮೆಲ್ಲಗಿನ ಸ್ವರವಾದರೆ ಕಹಳೆಗೆ ಸಮೀಪಿಸಬೇಕು. ತಾರಸ್ವರಕ್ಕೆ ಏರಿದೊಡನೆ ಹಿಂದಕ್ಕೆ ಸರಿಯಬೇಕು. ತಂಬೂರಿಯ ಸೂಕ್ಷ್ಮವಾದ ಝೇಂಕಾರವು ಮೇಣದ ಮೇಲೆ ಬೀಳುವದೇ ದುರ್ಲಭವಾಗಿದ್ದಿತು. ನಡುವೆ ಕೆಮ್ಮು ಬಂದರೆ, ತಾಳ ತಪ್ಪಿದರೆ, ತಿದ್ದುವ ಉಪಾಯವಿಲ್ಲ. ಆ ಮೇಣವನ್ನು ಬಿಟ್ಟು ಮತ್ತೆ ಮೊದಲಿನಿಂದ ಹಾಡಬೇಕು.

ಹಾಡಿನ ಕೊನೆಗೆ ಅವಳು ಇಂಗ್ಲೀಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿಬಿಡುತ್ತಿದ್ದಳು. ಮೇಣದ ತಟ್ಟೆಗಳು ಹಡಗವನ್ನೇರಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ಅಚ್ಚಾಗಿ ಮರಳಿ ಬರಬೇಕಾಗಿದ್ದಿತು. ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯುವದಕ್ಕಾಗಿ ಈ ಪದ್ಧತಿಯನ್ನು ಇಟ್ಟಿದ್ದರೆಂದು ಹೇಳುತ್ತಾರೆ. ೧೯೦೮ರಲ್ಲಿ ಕಲಕತ್ತೆಯ ಸಿಯಾಲದಾದಲ್ಲಿಯೇ ಕಾರಖಾನೆಯು ಆರಂಭವಾದ ಮೇಲೆ ತಟ್ಟೆಗಳು ಈ ದೇಶದಲ್ಲಿಯೇ ತಯಾರಾಗತೊಡಗಿದವು. ತಟ್ಟೆಗೆ ಬೇಕಾದ ಅರಗು ಸಹ ಮುಖ್ಯವಾಗಿ ಭಾರತದ ಕಾಡುಗಳ ಉತ್ಪನ್ನವೇ ಆಗಿದ್ದಿತು.

ಕಹಳೆಗಿಂತಲೂ ಕಠಿಣವಾದ ಕಟ್ಟಳೆಯೆಂದರೆ ಕಾಲದ್ದು. ನಿಮಿಷಕ್ಕೆ ೭೮ ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ೩ ನಿಮಿಷಗಳ ಹಾಡು ಮಾತ್ರ ಹಿಡಿಯುತ್ತಿದ್ದಿತು. ಹನ್ನೆರಡು ಅಂಗುಲದ್ದಾದರೆ ೪ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಸಭೆಯಲ್ಲಿ ಗವಾಯಿಯು ಒಂದು ರಾಗವನ್ನು ವಿಲಂಬಿತದಲ್ಲಿ ಎತ್ತಿಕೊಂಡು, ಷಡ್ಜದಲ್ಲಿ ಮನಸ್ಸನ್ನು ನಿಲ್ಲಿಸಿ, ಒಂದೊಂದೇ ಸ್ವರವನ್ನು ತೆರೆದು ತೋರಿಸುತ್ತ, ತಾಸುಗಟ್ಟಲೆ ಬೆಳಸುತ್ತಾನೆ. ಅದೇ ರಾಗವನ್ನು ಮೂರು ನಿಮಿಷದಲ್ಲಿ ಮುಗಿಸಬೇಕೆಂದರೆ ಆಲಾಪಕ್ಕೆ ಕೆಲವು ಕ್ಷಣಗಳು, ಸ್ಥಾಯಿ, ಅಂತರಾ, ನಾಲ್ಕಾರು ತಾನುಗಳು. ಅಷ್ಟರಲ್ಲಿ ಮುಳ್ಳು ತಟ್ಟೆಯ ನಡುವಿಗೆ ಬಂದುಬಿಡುವದು. ಆದುದರಿಂದ ಹಲವರು ಮಧ್ಯಲಯ ದ್ರುತಲಯಗಳ ಚೀಜುಗಳನ್ನೇ ಆರಿಸಿಕೊಂಡರು. ಠುಮರಿ, ನಾಟಕದ ಪದ, ಭಜನೆ ಇವು ತಟ್ಟೆಗೆ ಸುಲಭವಾಗಿ ಒಗ್ಗಿದವು.

ಇದರಿಂದ ಹಾನಿಯೇ ಆಯಿತೆಂದು ಹೇಳುವದು ನ್ಯಾಯವಲ್ಲ. ವಿಸ್ತಾರವಾಗಿ ಹೇಳಬಲ್ಲವನಿಗೆ ಸಂಕ್ಷೇಪವಾಗಿ ಹೇಳುವದು ಒಂದು ಪರೀಕ್ಷೆಯೇ ಸರಿ. ವಚನಕಾರರ ವಾಣಿಯನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದುದಿಲ್ಲ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ಈ ಪರೀಕ್ಷೆಯಲ್ಲಿ ಗೆದ್ದ ಮಹಾನುಭಾವರು. ಅವರ ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ರಾಗದ ಪೂರ್ಣಸ್ವರೂಪವು ಎಳೆಯ ಚಂದ್ರನಂತೆ ಕಾಣಿಸಿಕೊಳ್ಳುತ್ತದೆ. ಆದರೆ ತಟ್ಟೆಯನ್ನು ಮಾತ್ರ ಕೇಳಿ ಬೆಳೆದವರು ಆ ಮೂರು ನಿಮಿಷವೇ ರಾಗವೆಂದು ತಿಳಿಯುವ ಅಪಾಯವೂ ಇದ್ದಿತು.

ತಟ್ಟೆಯ ಉಪಕಾರಕ್ಕೂ ಅದರ ಮಿತಿಗೂ ಗದುಗಿನ ಸೀಮೆಯಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. ೧೯೨೨ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ತಟ್ಟೆಯನ್ನು ಕೇಳಿ, ಹಾಗೆ ಹಾಡಲೇಬೇಕೆಂಬ ಹುಚ್ಚು ಹಿಡಿದು, ೧೯೩೩ರಲ್ಲಿ ಮನೆಯನ್ನು ಬಿಟ್ಟು ಹೊರಟುಹೋದರು. ಗ್ವಾಲಿಯರ, ಕಲಕತ್ತೆ, ಜಾಲಂಧರಗಳನ್ನು ಸುತ್ತಿದರು. ಕಡೆಗೆ ಅವರಿಗೆ ಗುರುವು ದೊರೆತುದು ಮನೆಯ ಹತ್ತಿರವೇ: ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರು. ಆ ಬಾಲಕನನ್ನು ಎಚ್ಚರಿಸಿದುದು ತಟ್ಟೆಯೆಂಬದು ನಿಶ್ಚಯವು. ಆದರೆ ತಟ್ಟೆಯೇ ಕಲಿಸಬಲ್ಲದಾಗಿದ್ದರೆ ಊರೂರು ಅಲೆಯುವ ಕಾರಣವೇನಿದ್ದಿತು? ತಟ್ಟೆಯು ಸಾವಿರ ಸಲ ಹಾಡಬಲ್ಲದು. ಒಂದು ಸಲವೂ ಕೇಳಲಾರದು. ಶಿಷ್ಯನ ಗಂಧಾರವು ಕೂದಲೆಳೆಯಷ್ಟು ಇಳಿದರೆ ಗುರುವಿನ ಹುಬ್ಬು ಗಂಟಿಕ್ಕುತ್ತದೆ. ತಟ್ಟೆಯು ತನ್ನ ಪಾಡಿಗೆ ತಾನು ತಿರುಗುತ್ತಲೇ ಇರುತ್ತದೆ. ಮುದ್ರಿತ ನಾದಕ್ಕೂ ಸಭಾಗಾನಕ್ಕೂ ಇರುವ ಮೂಲಭೇದವು ಇದೇ: ಒಂದು ಕೇಳಿಸುತ್ತದೆ, ಇನ್ನೊಂದು ಕೇಳಿಸುತ್ತಲೂ ಕೇಳುತ್ತಲೂ ಇರುತ್ತದೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಬೇಕು. ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರ ಕೃಪೆಗೆ ಪಾತ್ರರಾದ ಅಂಧಗಾಯಕ ಪಂಚಾಕ್ಷರಿ ಗವಾಯಿಗಳವರು (೧೮೯೨-೧೯೪೪) ಕರ್ನಾಟಕ, ಹಿಂದುಸ್ತಾನಿ ಉಭಯ ಪದ್ಧತಿಗಳಲ್ಲಿ ಪಾರಂಗತರಾಗಿ, ಕುರುಡರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ಸಂಗೀತವನ್ನು ಕಲಿಸಿದರು. ಶಿಷ್ಯರ ಅನ್ನಕ್ಕಾಗಿ ನಾಟಕದ ಮಂಡಳಿಯನ್ನೂ ಕಟ್ಟಿದರು. ಅವರ ಪಾಠಶಾಲೆಯಲ್ಲಿ ಎಷ್ಟೋ ಮಕ್ಕಳಿಗೆ ಪುಸ್ತಕವು ನಿರರ್ಥಕವಾಗಿದ್ದಿತು. ಕಿವಿಯೇ ಕಣ್ಣು, ಕಂಠವೇ ಲೇಖನಿ. ಇಂತಹವರಿಗೆ ತಟ್ಟೆಯು ಎಲ್ಲಕ್ಕಿಂತ ಹೆಚ್ಚಿನ ಸಾಧನವಾಗಬೇಕಾಗಿದ್ದಿತೆಂದು ತೋರಬಹುದು. ಆದರೆ ಆ ಪರಂಪರೆಯನ್ನು ಬೆಳಸಿದುದು ಸಹವಾಸವು: ಗುರುವಿನ ಮಗ್ಗುಲಲ್ಲಿ ಕುಳಿತು ಹಾಡುವದು, ತಪ್ಪುವದು, ತಿದ್ದಿಸಿಕೊಳ್ಳುವದು, ದಾಸೋಹದ ಪಂಕ್ತಿಯಲ್ಲಿ ಉಂಡು ಮತ್ತೆ ಹಾಡುವದು. ಪಂಚಾಕ್ಷರಿ ಗವಾಯಿಗಳವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳವರು (೧೯೧೪-೨೦೧೦) ಅದೇ ಧರ್ಮವನ್ನು ಆರು ದಶಕಗಳಿಗಿಂತಲೂ ಹೆಚ್ಚು ಕಾಲ ನಡೆಯಿಸಿದರು. ಬಸವರಾಜ ರಾಜಗುರುಗಳಂತಹ ಗಾಯಕರು ಈ ಪರಂಪರೆಯಿಂದ ಹೊರಬಂದರು.

ಆದರೂ ಪರಂಪರೆಯು ಎಷ್ಟೇ ಶ್ರದ್ಧೆಯಿಂದ ಕಾಪಾಡಿದರೂ ಉಳಿಯದಂತಹದು ಒಂದಿದೆ. ಅದು ವ್ಯಕ್ತಿಯ ಕಂಠವು. ಗಂಗೂಬಾಯಿ ಹಾನಗಲ್ಲರ (೧೯೧೩-೨೦೦೯) ವೃತ್ತಾಂತವನ್ನು ನೋಡಿರಿ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತ ಸವಾಯಿ ಗಂಧರ್ವರಲ್ಲಿ ಕಲಿತ ಈ ತಾಯಿಯು ಮೂವತ್ತರ ದಶಕದಲ್ಲಿ ತಟ್ಟೆಗಳಿಗೆ ಹಾಡಿದಾಗ ಕಂಪನಿಯವರು ಅವರಿಗೆ ಗಾಂಧಾರಿಯೆಂದು ಹೆಸರಿಟ್ಟರು. ಆ ತಟ್ಟೆಗಳಲ್ಲಿರುವದು ಎಳೆಯದಾದ, ಎತ್ತರದ ಸ್ತ್ರೀಕಂಠವು. ತರುವಾಯ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಅವರ ದನಿಯು ಗಂಭೀರವಾದ ಪುರುಷಸ್ವರದಂತೆ ಇಳಿಯಿತು. ಲೋಕವು ಅರ್ಧ ಶತಮಾನದವರೆಗೆ ತಲೆದೂಗಿದುದು ಈ ಎರಡನೆಯ ಕಂಠಕ್ಕೆ. ತಟ್ಟೆಯು ಇಲ್ಲದಿದ್ದರೆ ಮೊದಲಿನ ಕಂಠವು ಇದ್ದಿತೆಂಬದಕ್ಕೆ ಕೇಳಿದವರ ನೆನಪಿನ ಹೊರತು ಸಾಕ್ಷಿಯಿರುತ್ತಿದ್ದಿಲ್ಲ. ಗುರುವು ವಿದ್ಯೆಯನ್ನು ಶಿಷ್ಯನಿಗೆ ಕೊಡಬಲ್ಲನು. ತನ್ನ ಕಂಠವನ್ನು ಕೊಡಲಾರನು. ಅದನ್ನು ಕಾಯುವ ಕೆಲಸವು ಯಂತ್ರದ್ದೇ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಪ್ರಸಂಗವನ್ನೂ ಸ್ಮರಿಸಬೇಕು. ಅಬ್ದುಲ್ ಕರೀಂ ಖಾನರು ೧೯೩೭ರ ಅಕ್ಟೋಬರದಲ್ಲಿ ಪಾಂಡಿಚೇರಿಯತ್ತ ಪ್ರಯಾಣಮಾಡುತ್ತಿದ್ದಾಗ ದೇಹಾಲಸ್ಯವಾಗಿ ಸಿಂಗಪೆರುಮಾಳ್‌ಕೋಯಿಲ್ ಎಂಬ ಚಿಕ್ಕ ಸ್ಟೇಶನ್ನಿನಲ್ಲಿ ಇಳಿದರು. ಅಲ್ಲಿಯೇ ತಂಬೂರಿಯನ್ನು ಶ್ರುತಿಮಾಡಿಸಿ, ದರ್ಬಾರಿಯಲ್ಲಿ ದೇವರ ಪ್ರಾರ್ಥನೆಯನ್ನು ಹಾಡುತ್ತ ದೇಹವನ್ನಿಟ್ಟರೆಂದು ಅವರ ಪರಂಪರೆಯವರು ಹೇಳುತ್ತಾರೆ. ಆ ಹಾಡಿಗೆ ಕಹಳೆಯಿದ್ದಿಲ್ಲ, ಮೇಣವಿದ್ದಿಲ್ಲ. ಜೊತೆಯಲ್ಲಿದ್ದ ಕೆಲವರೇ ಸಭೆ. ಅದನ್ನು ಯಾರೂ ಮತ್ತೆ ಕೇಳಲಾರರು. ಅಷ್ಟರಿಂದ ಆ ಹಾಡು ವ್ಯರ್ಥವಾಯಿತೆಂದು ಯಾರು ಹೇಳುವರು? ಒಮ್ಮೆಯೇ ಆಗಿಹೋಗತಕ್ಕದ್ದಕ್ಕೆ ಅದರದೇ ಆದ ಪೂರ್ಣತೆಯುಂಟು.

ಕಾಲಾನುಕ್ರಮದಲ್ಲಿ ಯಂತ್ರದ ಕಟ್ಟಳೆಗಳು ಒಂದೊಂದಾಗಿ ಸಡಲಿದವು. ೧೯೨೫ರಲ್ಲಿ ವಿದ್ಯುತ್ತಿನ ಮೈಕ್ರೋಫೋನು ಬಳಕೆಗೆ ಬಂದು ಕಹಳೆಯು ಹಿಂದೆ ಬಿದ್ದಿತು; ಮೆಲುದನಿಯೂ ತಂಬೂರಿಯೂ ತಟ್ಟೆಯೊಳಗೆ ಬಂದವು. ಮೈಸೂರಿನಲ್ಲಿ ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಸ್ಥಾಪಿಸಿದರು. ಧಾರವಾಡದ ನಿಲಯವು ೧೯೫೦ರ ಜನೆವರಿಯಲ್ಲಿ ಆರಂಭವಾಯಿತು. ರೇಡಿಯೋದಲ್ಲಿ ಹಾಡುವವರು ಆ ಕ್ಷಣದಲ್ಲಿಯೇ ಹಾಡುತ್ತಿದ್ದರಾದರೂ ಕೇಳುವವರ ಮುಖವು ಅವರಿಗೆ ಕಾಣುತ್ತಿದ್ದಿಲ್ಲ. ಅದು ಸಭೆಗೂ ತಟ್ಟೆಗೂ ನಡುವಿನ ಸ್ಥಿತಿಯು. ೧೯೪೮ರಲ್ಲಿ ಅಮೇರಿಕೆಯಲ್ಲಿ ಹೊರಟ ದೀರ್ಘವಾದನದ ತಟ್ಟೆಯು ಮಗ್ಗುಲಿಗೆ ೨೦ ನಿಮಿಷಕ್ಕೂ ಹೆಚ್ಚು ಕಾಲ ನುಡಿಯತೊಡಗಿತು. ಟೇಪು ಬಂದ ಮೇಲೆ ತಪ್ಪಿದ ಭಾಗವನ್ನು ಕತ್ತರಿಸಿ ಸರಿಯಾದುದನ್ನು ಜೋಡಿಸುವದು ಸಾಧ್ಯವಾಯಿತು. ಮುಂದೆ ಗಾಯಕನು ಒಂದು ದಿನ, ತಬಲೆಯವನು ಇನ್ನೊಂದು ದಿನ ನುಡಿಸಿ, ಎರಡನ್ನೂ ಕೂಡಿಸಿ ಒಂದು ಹಾಡನ್ನಾಗಿ ಮಾಡುವ ಕೌಶಲವೂ ಬೆಳೆಯಿತು. ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟುಗಳಿಂದ ವಚನಗಾನವು ಹಳ್ಳಿಹಳ್ಳಿಗೂ ಹೋಯಿತು. ಇಂದು ಮೊಬೈಲು ಫೋನಿನಲ್ಲಿ ಕಾಲದ ಮಿತಿಯೇ ಇಲ್ಲ. ಮುದ್ರಿಸುವವರು ಕಂಪನಿಯವರೇ ಆಗಬೇಕೆಂಬ ನಿಯಮವೂ ಇಲ್ಲ.

ಇಷ್ಟೆಲ್ಲ ಬದಲಾದರೂ ಮೂಲಭೇದವು ಹಾಗೆಯೇ ಉಳಿದಿದೆ. ಮಲ್ಲಿಕಾರ್ಜುನ ಮನಸೂರರ (೧೯೧೦-೧೯೯೨) ಗಾಯನವು ಇದಕ್ಕೆ ಪ್ರಮಾಣವು. ಮಿರಜಿನ ನೀಲಕಂಠಬುವಾ ಅವರಲ್ಲಿಯೂ, ಅನಂತರ ಜಯಪುರ ಅತ್ರೌಲಿ ಘರಾಣೆಯ ಮಂಜೀಖಾನ, ಭುರ್ಜಿಖಾನರಲ್ಲಿಯೂ ವಿದ್ಯೆಯನ್ನು ಸಂಪಾದಿಸಿದ ಅವರು ಮೂವತ್ತರ ದಶಕದ ಸಣ್ಣ ತಟ್ಟೆಗಳಿಂದ ಮೊದಲಾಗಿ ದೀರ್ಘವಾದನದ ತಟ್ಟೆಗಳವರೆಗೆ ಎಲ್ಲ ಬಗೆಯ ಯಂತ್ರಕ್ಕೂ ಹಾಡಿದರು. ಶರಣರ ವಚನಗಳನ್ನೂ ಮುದ್ರಿಸಿದರು. ಅದರೊಡನೆ ಅವರ ಸಭಾಗಾನವನ್ನು ಹಾಗೆಯೇ ಹಿಡಿದ ಮುದ್ರಣಗಳೂ ಅನೇಕವಿವೆ. ಒಂದೇ ರಾಗವನ್ನು ಬೇರೆ ಬೇರೆ ಸಭೆಗಳಲ್ಲಿ ಅವರು ಹಾಡಿದುದನ್ನು ಹೋಲಿಸಿ ನೋಡಿದರೆ ಚೀಜು ಒಂದೇ, ಮಾರ್ಗವೂ ಒಂದೇ. ನಡಗೆ ಮಾತ್ರ ಪ್ರತಿಸಲವೂ ಬೇರೆ. ಸಭೆಯ ಮುದ್ರಣದಲ್ಲಿ ತಂಬೂರಿಯ ಶ್ರುತಿಯನ್ನು ಸರಿಪಡಿಸುವ ಸಪ್ಪಳವಿದೆ, ಸಮದ ಮೇಲೆ ಹೊರಡುವ ಕೇಳುವವರ ಉದ್ಗಾರವಿದೆ. ಆ ಉದ್ಗಾರವನ್ನು ಕೇಳಿ ಮುಂದಿನ ತಾನನ್ನು ಬೇರೊಂದು ಕಡೆಗೆ ಒಯ್ಯುವ ಗಾಯಕನ ಉತ್ಸಾಹವಿದೆ. ಅಂದರೆ ಆ ಹಾಡನ್ನು ಅರ್ಧ ಗಾಯಕನು ಹಾಡಿದನು, ಅರ್ಧ ಸಭೆಯು ಹಾಡಿಸಿತು. ಯಂತ್ರವು ಇದನ್ನು ಹೊರಗಿನಿಂದ ಕಂಡು ಹೇಳಬಲ್ಲದು. ಅದನ್ನು ಇಂದು ಕೇಳುವವನು ಎಷ್ಟು ತಲೆದೂಗಿದರೂ ಮುಂದಿನ ತಾನು ಬದಲಾಗದು.

ಹಾಗಾದರೆ ಮಠದ ಭಕ್ತರ ಕರ್ತವ್ಯವೇನು? ಯಂತ್ರವನ್ನು ನಿಂದಿಸುವದಲ್ಲ, ಅದರ ಮೇಲೆ ಎಲ್ಲ ಭಾರವನ್ನೂ ಹಾಕುವದೂ ಅಲ್ಲ. ಪ್ರಾತಃಕಾಲದ ವಚನವನ್ನು ಯಂತ್ರದಿಂದ ಕೇಳಿದರೆ ಹಾನಿಯಿಲ್ಲ. ಯಂತ್ರವಿದೆಯೆಂದು ಭಜನೆಯ ತಾಳವನ್ನು ಗೂಟಕ್ಕೆ ತೂಗಹಾಕಿದರೆ ಹಾನಿಯಿದೆ. ಹಾಡದ ಸಭೆಯು ಕೆಲವು ಕಾಲದಲ್ಲಿ ಕೇಳಲೂ ಅರಿಯದ ಸಭೆಯಾಗುವದು. ಸ್ವರ ಕೆಟ್ಟರೂ ಚಿಂತೆಯಿಲ್ಲ, ಮಕ್ಕಳು ಗುರುಹಿರಿಯರ ಮುಂದೆ ಕುಳಿತು ಬಾಯಿ ಬಿಟ್ಟು ಹಾಡಲಿ. ತಿದ್ದುವದಕ್ಕೆ ಕಿವಿಯುಳ್ಳವರು ಇನ್ನೂ ಇದ್ದಾರೆ.

ಇನ್ನೊಂದು ಕರ್ತವ್ಯವು ತ್ವರೆಯಿಂದ ಆಗತಕ್ಕದ್ದು. ಹಳ್ಳಿಗಳಲ್ಲಿ ಏಕತಾರಿಯನ್ನು ಹಿಡಿದು ಕೈವಲ್ಯದ ಪದಗಳನ್ನು ಹಳೆಯ ಧಾಟಿಯಲ್ಲಿ ಹಾಡುವ ವೃದ್ಧರು ಅಲ್ಲಲ್ಲಿ ಉಳಿದಿದ್ದಾರೆ. ಆ ಧಾಟಿಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಹನ್ನೆರಡನೆಯ ಶತಮಾನದ ದನಿಯು ಹೋದಂತೆ ಇವೂ ಹೋಗಬಾರದು. ಇಂದು ಪ್ರತಿಯೊಬ್ಬ ಭಕ್ತನ ಕಿಸೆಯಲ್ಲಿಯೂ ಮುದ್ರಣಯಂತ್ರವಿರುವಾಗ ಬಡತನದ ನೆವವನ್ನು ಹೇಳುವಂತಿಲ್ಲ. ಆದರೆ ಮುದ್ರಿಸುವವರು ಗೌಹರ್ ಜಾನಳ ಪದ್ಧತಿಯನ್ನು ಮರೆಯಲಾಗದು. ಅವಳು ತನ್ನ ಕೊನೆಯ ದಿನಗಳಲ್ಲಿ, ೧೯೨೮ರಲ್ಲಿ, ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರ ಜನೆವರಿಯಲ್ಲಿ ಕನ್ನಡ ನಾಡಿನಲ್ಲಿಯೇ ಕಾಲವಾದಳು. ಅವಳ ಸಭೆಗಳು ಮುಗಿದವು, ಕೇಳಿದವರೂ ಹೋದರು. ತಟ್ಟೆಯ ಕೊನೆಯಲ್ಲಿ ಅವಳು ಹೇಳಿದ ಹೆಸರು ಮಾತ್ರ ಇಂದಿಗೂ ನಿಚ್ಚಳವಾಗಿ ಕೇಳುತ್ತದೆ. ಆದುದರಿಂದ ಪದವನ್ನು ಮುದ್ರಿಸಿದವರು ಹಾಡಿದವರ ಹೆಸರು, ಊರು, ಕಲಿಸಿದ ಗುರುವಿನ ಹೆಸರು, ತಿಥಿ ಇವನ್ನು ಅವರ ಬಾಯಿಂದಲೇ ಹೇಳಿಸಬೇಕು. ಹೆಸರಿಲ್ಲದ ದನಿಯು ವಿಳಾಸವಿಲ್ಲದ ಓಲೆಯಂತೆ ಅಲೆಯುವದು.

ಮುದ್ರಿಸಿದ ಮೇಲೆ ಯಂತ್ರವನ್ನು ನಿಲ್ಲಿಸಿ, ಆ ಹಿರಿಯರ ಎದುರಿಗೆ ಕುಳಿತು, ಒಂದು ಪದವನ್ನಾದರೂ ಅವರೊಡನೆ ಹಾಡಿ ಕಲಿಯಬೇಕು. ದನಿಯನ್ನು ಯಂತ್ರವು ಕಾಯಲಿ, ಹಾಡನ್ನು ಭಕ್ತರು ಕಾಯಲಿ.